ಡಿಕ್ಕಿಯ ಮೂಲೆಯ ಹತಾರದ ಗಂಟು

ಹಳೆಯ ಕಾರಿಗೆ ಹೊಸ ಬಣ್ಣ ಹೊಡೆಸುವುದು ಸುಲಭ. ಕಾರಿನ ಜೊತೆಗೇ ಕಾರ್ಖಾನೆಯಿಂದ ಬಂದ ಜಾಕು, ಸ್ಪ್ಯಾನರು, ಹ್ಯಾಂಡಲುಗಳನ್ನು ಹುಡುಕಿ ಮತ್ತೆ ಅವುಗಳ ಜಾಗದಲ್ಲಿ ಕೂರಿಸುವುದು ಮಾತ್ರ ತಾಳ್ಮೆಯ ಕೆಲಸ. ಆ ಹುಡುಕಾಟದಲ್ಲಿ ಕಲಿಯುವ ಪಾಠಗಳು ಹಲವು.

ಅಜ್ಜನ ಕಾಲದ ಅಂಬಾಸಿಡರ್, ಫಿಯೆಟ್ ಅಥವಾ ಹೆರಾಲ್ಡ್ ಕಾರೊಂದು ನಿಮ್ಮ ಮನೆಯ ಹಿತ್ತಲಲ್ಲೋ, ಊರಿನಲ್ಲಿರುವ ದೊಡ್ಡಪ್ಪನ ಕೊಟ್ಟಿಗೆಯಲ್ಲೋ ಇನ್ನೂ ನಿಂತಿದೆಯೇ? ಹಾಗಿದ್ದರೆ ಈ ಭಾನುವಾರ ಹೋಗಿ, ಎಂಜಿನ್ ನೋಡುವ ಮೊದಲು ಅದರ ಡಿಕ್ಕಿ ತೆರೆದು ನೋಡಿ. ಸ್ಟೆಪ್ನಿ ಇದ್ದೀತು. ಜಾಕು ಇದ್ದರೂ ಇರಬಹುದು, ಆದರೆ ಅದು ಬೇರಾವುದೋ ಕಾರಿನದಾಗಿರುತ್ತದೆ. ಎರಡೋ ಮೂರೋ ಸ್ಪ್ಯಾನರು ತುಕ್ಕು ಹಿಡಿದು ಬಿದ್ದಿರುತ್ತವೆ. ಕಾರು ಕೊಂಡ ದಿನ ಬಟ್ಟೆಯ ಚೀಲದಲ್ಲಿ ಅಚ್ಚುಕಟ್ಟಾಗಿ ಸುತ್ತಿ ಕೊಟ್ಟಿದ್ದ ಹತಾರದ ಗಂಟು ಮಾತ್ರ ಇರುವುದಿಲ್ಲ!

ಅದು ಎಲ್ಲಿ ಹೋಯಿತು? ಒಂದು ಸ್ಪ್ಯಾನರನ್ನು ಪಕ್ಕದ ಮನೆಯವರು ಪಂಪ್‌ಸೆಟ್ ರಿಪೇರಿಗೆಂದು ಕೊಂಡೊಯ್ದರು. ಸ್ಕ್ರೂಡ್ರೈವರು ಅಡುಗೆಮನೆ ಸೇರಿ ಡಬ್ಬಿಯ ಮುಚ್ಚಳ ತೆಗೆಯುವ ಸಾಧನವಾಯಿತು. ಇಕ್ಕಳ ಗ್ಯಾರೇಜಿನಲ್ಲೇ ಉಳಿಯಿತು. ಉಳಿದದ್ದು ಮನೆ ಗುಡಿಸಿದ ದಿನ ಗುಜರಿಯವನ ತಕ್ಕಡಿಗೆ ಬಿತ್ತು. ಯಾರೂ ಕದ್ದದ್ದಲ್ಲ, ಯಾರೂ ಬೇಕೆಂದು ಎಸೆದದ್ದೂ ಅಲ್ಲ. ಹಳೆಯ ಕಾರುಗಳ ಟೂಲ್ ಕಿಟ್ ಹೀಗೇ ಒಂದೊಂದಾಗಿ ಕರಗಿಹೋಗುತ್ತದೆ.

ಹಳೆಯ ಕಾರುಗಳನ್ನು ಮತ್ತೆ ಮೊದಲಿನಂತೆ ಮಾಡುವ ಹವ್ಯಾಸಿಗಳಿಗೆ ಈ ಗಂಟು ದೊಡ್ಡ ತಲೆನೋವು. ಬಾಡಿಯ ತಗಡನ್ನು ಬಡಿದು ಸರಿಮಾಡಬಹುದು. ಸೀಟಿಗೆ ಹೊಸ ರೆಕ್ಸಿನ್ ಹಾಕಿಸಬಹುದು. ಎಂಜಿನ್ ಬಿಚ್ಚಿ ಬೋರ್ ಮಾಡಿಸಬಹುದು. ಇಷ್ಟಕ್ಕೆಲ್ಲ ಲಕ್ಷಗಟ್ಟಲೆ ಸುರಿದು, ಕಡೆಗೆ ಅದೇ ಕಂಪೆನಿಯ ಗುರುತಿರುವ ಒಂದು ಪುಟ್ಟ ಸ್ಪ್ಯಾನರಿಗಾಗಿ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಆನೆ ಕೊಟ್ಟು ಅಂಕುಶಕ್ಕೆ ಜಗಳ ಎಂಬ ಗಾದೆ ನೆನಪಾದರೆ ತಪ್ಪಲ್ಲ. ಆದರೆ ಇಲ್ಲಿ ಅಂಕುಶಕ್ಕೂ ಬೆಲೆಯಿದೆ. ವಿಂಟೇಜ್ ಕಾರುಗಳ ಸೌಂದರ್ಯ ಸ್ಪರ್ಧೆಗಳಲ್ಲಿ ತೀರ್ಪುಗಾರರು ಹೊರಗಿನ ಹೊಳಪನ್ನಷ್ಟೇ ನೋಡುವುದಿಲ್ಲ. ಬಾನೆಟ್ ಎತ್ತಿಸುತ್ತಾರೆ, ಡಿಕ್ಕಿ ತೆಗೆಸುತ್ತಾರೆ, ಹತಾರಗಳನ್ನೂ ನೋಡುತ್ತಾರೆ. 1950ರ ದಶಕದ ಮರ್ಸಿಡಿಸ್ 300 ಎಸ್‌ಎಲ್‌ನಂಥ ಕಾರುಗಳ ಪೂರ್ಣ ಟೂಲ್ ಕಿಟ್ ವಿದೇಶಗಳಲ್ಲಿ ಸಾವಿರಾರು ಡಾಲರಿಗೆ ಮಾರಾಟವಾಗುವುದುಂಟು.

ಕಾರಿನ ಜೊತೆ ಹತಾರವೇಕೆ?

ಇಂದಿನ ಮಕ್ಕಳಿಗೆ ಇದು ಸೋಜಿಗ ಎನಿಸಬಹುದು. ಕಾರು ಕೆಟ್ಟರೆ ಫೋನ್ ಮಾಡಿದರಾಯಿತು, ಕಂಪೆನಿಯವರೇ ಬಂದು ಎಳೆದುಕೊಂಡು ಹೋಗುತ್ತಾರೆ. ಆದರೆ ನೂರು ವರ್ಷದ ಹಿಂದೆ ಕಾರು ಕೊಂಡವನಿಗೆ ದಾರಿಯಲ್ಲಿ ಕೈ ಹಿಡಿಯುವವರು ಯಾರಿದ್ದರು? ಗ್ಯಾರೇಜುಗಳು ಪಟ್ಟಣದಲ್ಲಿ ಮಾತ್ರ. ರಸ್ತೆಗಳೋ ಕಲ್ಲುಮಣ್ಣಿನವು. ಟೈರು ಪಂಕ್ಚರ್ ಆಗುವುದು, ಪ್ಲಗ್ಗಿಗೆ ಮಸಿ ಹಿಡಿಯುವುದು ದಿನನಿತ್ಯದ ಮಾತು. ಹಾಗಾಗಿ ಕಾರು ಮಾರುವವರೇ ರಿಪೇರಿಯ ಸಾಮಾನನ್ನೂ ಕೊಡುತ್ತಿದ್ದರು.

ಅಮೆರಿಕದ ಫೋರ್ಡ್ ಕಂಪೆನಿ 1927ರ ಕೊನೆಯಿಂದ 1931ರವರೆಗೆ ತಯಾರಿಸಿದ ‘ಮಾಡೆಲ್ ಎ’ ಕಾರಿನ ಜೊತೆ ಏನೇನು ಬರುತ್ತಿತ್ತು ನೋಡಿ: ಜಾಕು, ಗಾಳಿ ಪಂಪು, ಟೈರು ಬಿಚ್ಚುವ ಕಬ್ಬಿಣ, ಚಕ್ರದ ನಟ್ಟಿನ ಸ್ಪ್ಯಾನರು, ಎಂಜಿನ್ ತಿರುಗಿಸುವ ಹ್ಯಾಂಡಲು, ಗ್ರೀಸ್ ಗನ್ನು, ಅಗಲ ಹೆಚ್ಚುಕಡಿಮೆ ಮಾಡಬಹುದಾದ ಸ್ಪ್ಯಾನರು, ಎರಡು ತೆರೆದ ಬಾಯಿಯ ಸ್ಪ್ಯಾನರು, ಪ್ಲಗ್ ಬಿಚ್ಚುವ ಸ್ಪ್ಯಾನರು, ಇಕ್ಕಳ, ಸ್ಕ್ರೂಡ್ರೈವರು, ಜೊತೆಗೊಂದು ಸೂಚನೆಗಳ ಪುಸ್ತಕ. ಅಂದರೆ ಒಂದು ಪುಟ್ಟ ಗ್ಯಾರೇಜೇ! ಮಾಲೀಕನಿಗೆ ತನ್ನ ಕಾರು ಗೊತ್ತಿರಬೇಕು, ಸಣ್ಣಪುಟ್ಟದನ್ನು ಅವನೇ ಮಾಡಿಕೊಳ್ಳಬೇಕು ಎಂಬ ನಂಬಿಕೆ ಆ ಗಂಟಿನಲ್ಲಿತ್ತು.

ನಾವು ದಿನಾ ಬಳಸುವ ‘ಸ್ಟೆಪ್ನಿ’ ಎಂಬ ಮಾತಿನ ಕತೆಯೂ ಅದೇ ಕಾಲದ್ದು. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರಲಿಲ್ಲ. ಪಂಕ್ಚರ್ ಆದರೆ ರಸ್ತೆಯಂಚಿನಲ್ಲಿ ಕೂತು ಟ್ಯೂಬು ತೆಗೆದು ತೇಪೆ ಹಾಕಬೇಕಿತ್ತು. 1904ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆತ್ಲಿ ಪಟ್ಟಣದ ಡೇವಿಸ್ ಸೋದರರು ಕಾರಿನ ಜೊತೆ ಒಯ್ಯಬಹುದಾದ ಚಕ್ರವೊಂದನ್ನು ತಯಾರಿಸಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಸ್ಟ್ರೀಟಿನಲ್ಲಿ. ಬೀದಿಯ ಹೆಸರೇ ಚಕ್ರದ ಹೆಸರಾಯಿತು. ಇಂಗ್ಲಿಷರು ಆ ಮಾತನ್ನು ಮರೆತು ‘ಸ್ಪೇರ್ ವೀಲ್’ ಎಂದರು. ನಾವು ಮಾತ್ರ ಬಿಡಲಿಲ್ಲ!

ಕಾಲ ಕಳೆದಂತೆ ಗಂಟು ಚಿಕ್ಕದಾಗುತ್ತ ಬಂತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂತು. ಆಮೇಲೆ ಹ್ಯಾಂಡಲು ಬರೀ ಆಪತ್ತಿಗೆ ಎಂಬಂತಾಯಿತು. ಗ್ರೀಸ್ ಬೇಡದ ಬಿಡಿಭಾಗಗಳು ಬಂದು ಗ್ರೀಸ್ ಗನ್ನು ಹೋಯಿತು. ಈಗ ಸ್ಟೆಪ್ನಿಯ ಸರದಿ. ಟೈರಿನ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆಯೂ ಪಂಕ್ಚರ್ ಮುಚ್ಚುವ ಕಿಟ್ಟೂ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳಿಗೇ ತಿದ್ದುಪಡಿಯಾಗಿದೆ.

ಒಂದೊಂದು ಕಾರಿನಲ್ಲಿ ಒಂದೊಂದು ಕಡೆ

ಟೂಲ್ ಕಿಟ್ ಹುಡುಕುವವರು ಮೊದಲು ತಿಳಿಯಬೇಕಾದದ್ದು ಅದು ಎಲ್ಲಿರಬೇಕಿತ್ತು ಎಂಬುದು. ಎಲ್ಲ ಕಾರುಗಳಲ್ಲೂ ಅದು ಡಿಕ್ಕಿಯಲ್ಲೇ ಇರುತ್ತದೆಂದು ಭಾವಿಸಬಾರದು. ಜಾಗ್ವಾರ್ ಕಂಪೆನಿಯ ಮಾರ್ಕ್ 7 ಕಾರಿನಲ್ಲಿ ಮುಂಬಾಗಿಲುಗಳ ಒಳಗೇ ಹತಾರಗಳ ಗೂಡು ಇತ್ತು. ಅದೇ ಕಂಪೆನಿಯ ಮಾರ್ಕ್ 2 ಕಾರಿನಲ್ಲಿ ದುಂಡನೆಯ ಪೆಟ್ಟಿಗೆ. ಅದು ಸ್ಟೆಪ್ನಿಯ ನಡುವಿನ ತಗ್ಗಿನಲ್ಲಿ ಸರಿಯಾಗಿ ಕೂರುತ್ತಿತ್ತು. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆಂದು ಜರ್ಮನಿಯ ಹಜೆಟ್ ಕಂಪೆನಿಯೂ ಇಂಥದೇ ದುಂಡು ಪೆಟ್ಟಿಗೆ ಮಾಡಿ ಮಾರುತ್ತಿತ್ತು.

ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಹಿಂಚಕ್ರಗಳ ಮೇಲಿನ ಜಾಗದಲ್ಲೇ ಮುಚ್ಚಳವಿರುವ ಪೆಟ್ಟಿಗೆಗಳು, ಅವುಗಳೊಳಗೆ ಕ್ಯಾನ್ವಾಸಿನಲ್ಲಿ ಸುತ್ತಿದ ಹತಾರ. ಕೊಡಲಿ, ಸಲಿಕೆಗಳನ್ನು ಬಾಡಿಯ ಹೊರಗೆ ಚಾಲಕನ ಪಕ್ಕಕ್ಕೆ ಬೆಲ್ಟಿನಿಂದ ಬಿಗಿಯುತ್ತಿದ್ದರು. ತಂತಿ ಕಡ್ಡಿಯ ಚಕ್ರಗಳಿದ್ದ ಎಂ.ಜಿ. ಸ್ಪೋರ್ಟ್ಸ್ ಕಾರಿನ ಜೊತೆ ತಾಮ್ರದ ಸುತ್ತಿಗೆ ಬರುತ್ತಿತ್ತು. ಚಕ್ರದ ನಡುವಿನ ರೆಕ್ಕೆಯ ನಟ್ಟನ್ನು ಅದರಿಂದ ಹೊಡೆದೇ ಬಿಚ್ಚಬೇಕು. ತಾಮ್ರ ಮೆತ್ತಗಿರುವುದರಿಂದ ನಟ್ಟಿಗೆ ಗಾಯವಾಗುವುದಿಲ್ಲ. ಕಬ್ಬಿಣದ ಸುತ್ತಿಗೆ ಹಿಡಿದು ಹೊರಟರೆ ನಟ್ಟಿನ ಕತೆ ಮುಗಿದಂತೆ. ಹತಾರ ಯಾಕೆ ‘ಆ ಕಾರಿನದೇ’ ಆಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಜಾಕಿನದೂ ಇದೇ ಕತೆ. ಬೀಟಲ್ ಕಾರಿನ ಬಾಗಿಲ ಕೆಳಗೆ ಜಾಕು ತೂರಿಸಲೆಂದೇ ಒಂದು ಗೂಡು ಇದೆ. ಹಳೆಯ ಮರ್ಸಿಡಿಸ್ ಕಾರುಗಳಲ್ಲೂ ಹಾಗೆಯೇ. ಆ ಗೂಡಿಗೆ ಕೂರುವ ಜಾಕೇ ಬೇಕು. ಬೇರೆ ಜಾಕನ್ನು ಎಲ್ಲೋ ಕೊಟ್ಟು ಎತ್ತಿದರೆ ತುಕ್ಕು ಹಿಡಿದ ತಗಡು ಮಡಚಿಕೊಳ್ಳುತ್ತದೆ. ಅಂಬಾಸಿಡರಿನ ಹ್ಯಾಂಡಲನ್ನು ಮುಂದಿನ ಬಂಪರಿನ ಕಡೆಯಿಂದ ತೂರಿಸಿ ಎಂಜಿನ್ನಿನ ದಂಡದ ತುದಿಗೆ ಸಿಕ್ಕಿಸಬೇಕು. ಉದ್ದ ನಾಲ್ಕು ಬೆರಳು ಕಡಿಮೆಯಾದರೂ ಅದು ಮುಟ್ಟುವುದಿಲ್ಲ.

ಸ್ಪ್ಯಾನರಿನ ಮೇಲಿನ ಅಂಕಿಯ ಗುಟ್ಟು

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನ ಕೊಟ್ಟು ಓದಬೇಕು. ಹಳೆಯ ಕಾರಿನ ನಟ್ಟು ಬೋಲ್ಟುಗಳಲ್ಲಿ ಮುಖ್ಯವಾಗಿ ಮೂರು ಪಂಗಡಗಳಿವೆ. ಇದನ್ನು ಅರಿಯದೆ ಹತಾರ ಹುಡುಕುವುದೆಂದರೆ ಭಾಷೆ ಗೊತ್ತಿಲ್ಲದ ಊರಲ್ಲಿ ವಿಳಾಸ ಕೇಳಿದಂತೆ.

ಮೊದಲನೆಯದು ವಿಟ್‌ವರ್ತ್. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬೋಲ್ಟಿನ ಮರೆಗೆ, ಅಂದರೆ ಅದರ ಮೇಲಿನ ಸುರುಳಿ ಗೆರೆಗೆ, ಒಂದೇ ಅಳತೆ ಇರಬೇಕೆಂದು ಸೂಚಿಸಿದ. ಅದಕ್ಕೂ ಮುಂಚೆ ಒಂದೊಂದು ಕಾರ್ಖಾನೆಯದು ಒಂದೊಂದು ಮರೆ. ವಿಟ್‌ವರ್ತ್ ಮರೆಯ ಕೋನ 55 ಡಿಗ್ರಿ. ಇದೇ ಪಂಗಡದ ಸಣ್ಣ ಮರೆಗೆ ಬಿಎಸ್ಎಫ್ ಎಂದು ಹೆಸರು. 1950ರ ದಶಕದ ಆರಂಭದವರೆಗಿನ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಇವೇ ಇದ್ದವು.

ಇದರ ಸ್ಪ್ಯಾನರಿನಲ್ಲಿ ಒಂದು ತಮಾಷೆಯಿದೆ. ಅದರ ಮೇಲೆ ಬರೆದಿರುವುದು ಸ್ಪ್ಯಾನರಿನ ಬಾಯಿಯ ಅಳತೆಯಲ್ಲ, ಬೋಲ್ಟಿನ ದಂಡದ ಅಳತೆ! ‘1/4 ಡಬ್ಲ್ಯು’ ಎಂದು ಬರೆದ ಸ್ಪ್ಯಾನರಿನ ಬಾಯಿ ಕಾಲು ಇಂಚು ಅಲ್ಲ, ಸುಮಾರು 0.525 ಇಂಚು, ಅಂದರೆ 13.3 ಮಿಲಿಮೀಟರ್. ಅದೇ ಸ್ಪ್ಯಾನರು ಬಿಎಸ್ಎಫ್‌ನ 5/16 ಬೋಲ್ಟಿಗೂ ಹೊಂದುತ್ತದೆ. ಹಾಗಾಗಿ ಹಳೆಯ ಸ್ಪ್ಯಾನರುಗಳ ಒಂದೇ ತುದಿಯಲ್ಲಿ ಎರಡೆರಡು ಅಂಕಿಗಳು ಕಾಣುತ್ತವೆ.

ಎರಡನೆಯದು ಎಎಫ್. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬೋಲ್ಟು ಬ್ರಿಟನ್ನಿನ ನಟ್ಟಿಗೆ ಹೊಂದದೆ ಎರಡೂ ದೇಶಗಳು ಪಾಡುಪಟ್ಟವು. ಯುದ್ಧ ಮುಗಿದ ಮೇಲೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಒಪ್ಪಂದಕ್ಕೆ ಬಂದು 60 ಡಿಗ್ರಿ ಕೋನದ ಒಂದೇ ಮರೆಯನ್ನು ಒಪ್ಪಿಕೊಂಡವು. ಇದರ ಸ್ಪ್ಯಾನರಿನ ಮೇಲೆ ಬಾಯಿಯ ನಿಜವಾದ ಅಳತೆಯೇ ಇರುತ್ತದೆ. 1/2 ಎಎಫ್ ಎಂದರೆ ಅರ್ಧ ಇಂಚು, 12.7 ಮಿಲಿಮೀಟರ್. ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿ 1957ರಿಂದ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಿಡರೂ, 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡೂ ಈ ಗುಂಪಿನವು.

ಮೂರನೆಯದು ನಮಗೆಲ್ಲ ಪರಿಚಿತವಾದ ಮಿಲಿಮೀಟರ್. ಇಟಲಿಯ ಫಿಯೆಟ್ 1100 ಕಾರಿನಿಂದ ಬಂದ ಪ್ರೀಮಿಯರ್ ಪದ್ಮಿನಿಯದು ಈ ಲೆಕ್ಕ. 1990ರ ದಶಕದಲ್ಲಿ ಅಂಬಾಸಿಡರಿಗೆ ಜಪಾನಿನ ಇಸುಜು ಎಂಜಿನ್ ಬಂದಾಗ ಆ ಎಂಜಿನ್ನಿಗೂ ಮಿಲಿಮೀಟರ್ ಸ್ಪ್ಯಾನರು ಬೇಕಾಯಿತು.

ಅರ್ಧ ಇಂಚಿನ ನಟ್ಟಿಗೆ 13 ಮಿಲಿಮೀಟರ್ ಸ್ಪ್ಯಾನರು ಹಾಕಿದರೆ 0.3 ಮಿಲಿಮೀಟರ್ ಸಡಿಲ. ‘ಇಷ್ಟೇ ತಾನೇ’ ಎಂದು ಬಲ ಕೊಟ್ಟು ತಿರುಗಿಸಿದರೆ ನಟ್ಟಿನ ಆರು ಮೂಲೆಗಳೂ ಸವೆದು ದುಂಡಗಾಗುತ್ತವೆ. ಆಮೇಲೆ ಉಳಿ ಹಿಡಿದು ಕತ್ತರಿಸುವುದೇ ದಾರಿ. ಹಾಗೆಂದು ಯಾವುದೂ ಹೊಂದುವುದೇ ಇಲ್ಲ ಎಂದೇನಲ್ಲ. 3/4 ಎಎಫ್ ಎಂದರೆ 19.05 ಮಿಲಿಮೀಟರ್. ಅಲ್ಲಿ 19ರ ಸ್ಪ್ಯಾನರು ಬಹುಮಟ್ಟಿಗೆ ನಡೆಯುತ್ತದೆ. ಇಂಚನ್ನು 25.4ರಿಂದ ಗುಣಿಸುವ ಶಾಲೆಯ ಲೆಕ್ಕ ಇಲ್ಲಿ ಕೈಯಳತೆಗೆ ಬರುತ್ತದೆ!

ಇವುಗಳ ನಡುವೆ ಒಂದು ವಿಚಿತ್ರ ತಳಿಯೂ ಉಂಟು. ಇಂಗ್ಲೆಂಡಿನ ಮಾರಿಸ್ ಕಂಪೆನಿ 1923ರಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪೆನಿಯ ಕೊವೆಂಟ್ರಿ ಕಾರ್ಖಾನೆಯನ್ನು ಕೊಂಡಿತು. ಅಲ್ಲಿದ್ದ ಯಂತ್ರಗಳು ಕೊರೆಯುತ್ತಿದ್ದದ್ದು ಮೆಟ್ರಿಕ್ ಮರೆ. ಯಂತ್ರಗಳನ್ನು ಬದಲಿಸುವುದು ದುಬಾರಿ. ಆದರೆ ಗಿರಾಕಿಗಳ ಬಳಿ ಇದ್ದದ್ದು ವಿಟ್‌ವರ್ತ್ ಸ್ಪ್ಯಾನರು. ಹೀಗಾಗಿ ಮರೆ ಮೆಟ್ರಿಕ್, ತಲೆ ವಿಟ್‌ವರ್ತ್ ಅಳತೆಯ ಬೋಲ್ಟುಗಳನ್ನು ಮಾಡಿದರು. ಎಂ.ಜಿ.ಯ ಹಳೆಯ ‘ಟಿ’ ಸಾಲಿನ ಕಾರುಗಳ ಎಂಜಿನ್ನಿನಲ್ಲಿ ಇವು ಇವೆ. ಸ್ಪ್ಯಾನರು ಹೊಂದಿತೆಂದು ಅದೇ ಅಳತೆಯ ಬಿಎಸ್ಎಫ್ ಬೋಲ್ಟು ತುರುಕಿದರೆ ಎಂಜಿನ್ನಿನ ಮರೆ ಹಾಳಾಗುತ್ತದೆ.

ಅಸಲು ಯಾವುದು, ನಕಲು ಯಾವುದು?

ಕಾರಿನ ಕಂಪೆನಿಗಳು ಸಾಮಾನ್ಯವಾಗಿ ಹತಾರಗಳನ್ನು ತಾವೇ ಮಾಡುತ್ತಿರಲಿಲ್ಲ. ಹೊರಗಿನ ತಯಾರಕರಿಂದ ಕೊಳ್ಳುತ್ತಿದ್ದವು. ಆದ್ದರಿಂದ ಗುರುತು ಓದಲು ಕಲಿಯಬೇಕು. ಫೋರ್ಡ್ ಹಳೆಯ ಕಾರುಗಳ ಸ್ಪ್ಯಾನರಿನ ಮೇಲೆ ಕೂಡಕ್ಷರದಲ್ಲಿ ತನ್ನ ಹೆಸರನ್ನೇ ಅಚ್ಚು ಹಾಕಿಸುತ್ತಿತ್ತು. ಬ್ರಿಟಿಷ್ ಕಾರುಗಳಲ್ಲಿ ಕಿಂಗ್ ಡಿಕ್, ಶೆಲ್ಲಿ ಎಂಬ ಹೆಸರುಗಳು ಸಿಗುತ್ತವೆ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸರಿಮಾಡುವ ಪುಟ್ಟ ಹತಾರದ ಮೇಲೆ ಲ್ಯೂಕಾಸ್ ಎಂದಿರುತ್ತದೆ. ಜರ್ಮನ್ ಕಾರುಗಳಲ್ಲಿ ಹಜೆಟ್, ಗೆಡೋರ್ ಮುಂತಾದವು. 1868ರಲ್ಲಿ ಕಂಪೆನಿ ಆರಂಭಿಸಿದ ಹರ್ಮನ್ ಝರ್ವರ್ ಅವರ ಇನಿಷಿಯಲ್‌ಗಳನ್ನು ಜರ್ಮನ್ ಭಾಷೆಯಲ್ಲಿ ಉಚ್ಚರಿಸಿದರೆ ಹಜೆಟ್ ಎಂದಾಗುತ್ತದೆ.

ಹೆಸರು ಸರಿಯಿದ್ದ ಮಾತ್ರಕ್ಕೆ ಅಸಲು ಎಂದುಕೊಳ್ಳುವಂತಿಲ್ಲ. ಗೆಡೋರ್ ಹೆಸರಿನ ಹತಾರಗಳು ಭಾರತದಲ್ಲೂ ತಯಾರಾಗುತ್ತಿದ್ದವು. ಅವು ನಮ್ಮ ಗ್ಯಾರೇಜುಗಳಲ್ಲಿ ಧಾರಾಳವಾಗಿ ಇದ್ದವು. ಅದನ್ನು ಜರ್ಮನ್ ಕಾರಿನ ಮೂಲ ಹತಾರವೆಂದು ಮಾರಲು ಬಂದರೆ ‘ಎಲ್ಲಿ ತಯಾರಾದದ್ದು?’ ಎಂದು ತಿರುಗಿಸಿ ನೋಡಬೇಕು. ಬ್ರಿಟಿಷ್ ಸ್ಪ್ಯಾನರಿನ ಮೇಲೆ ಮೂರು ಗೆರೆಯ ಬಾಣದ ಗುರುತು, ಪಕ್ಕದಲ್ಲಿ 1943 ಎಂಬಂತೆ ಇಸವಿ ಇದ್ದರೆ ಅದು ಸೇನೆಗೆ ಸೇರಿದ್ದ ಹತಾರ. ಯುದ್ಧಕಾಲದ ಸೇನಾ ವಾಹನಕ್ಕೆ ಅದು ಶೋಭೆ. ಖಾಸಗಿ ಕಾರಿನ ಕಿಟ್ಟಿನಲ್ಲಿ ಅದು ಹೊರಗಿನದು.

ಈಗ ಹಳೆಯ ಮಾದರಿಯ ಹೊಸ ಹತಾರಗಳೂ ಬರುತ್ತಿವೆ. ಹೊಸದೆಂದು ಹೇಳಿ ಮಾರಿದರೆ ತಪ್ಪೇನಿಲ್ಲ, ಜಾಗ ತುಂಬಲು ಅದೂ ಬೇಕು. ಅದನ್ನು ತುಕ್ಕು ಹಿಡಿಸಿ ಹಳೆಯದೆಂದು ಮಾರಿದರೆ ಮೋಸ. ನಿಜವಾಗಿ ಬಳಸಿದ ಸ್ಪ್ಯಾನರಿನಲ್ಲಿ ಸವೆತ ಬಾಯಿಯ ಒಳಗೂ ಹಿಡಿಯುವ ಜಾಗದಲ್ಲೂ ಇರುತ್ತದೆ. ಎಲ್ಲ ಕಡೆ ಒಂದೇ ಸಮನೆ ತುಕ್ಕಿದ್ದು ಬಾಯಿ ಮಾತ್ರ ಚೂಪಾಗಿದ್ದರೆ ಅನುಮಾನಿಸಿ.

ನಮ್ಮ ಸುತ್ತಮುತ್ತ ಹುಡುಕುವುದೆಲ್ಲಿ?

ಬೆಂಗಳೂರಿನಲ್ಲಿ ಹತಾರವೆಂದರೆ ಎಸ್.ಪಿ. ರಸ್ತೆ, ಕಾರಿನ ಬಿಡಿಭಾಗವೆಂದರೆ ಜೆ.ಸಿ. ರಸ್ತೆ, ಹಳೆಯ ಸಾಮಾನೆಂದರೆ ಚಿಕ್ಕಪೇಟೆಯ ಕಡೆಯ ಸಂಡೇ ಬಜಾರ್. ಅಲ್ಲೆಲ್ಲ ಹುಡುಕುವವರ ಕಣ್ಣು ಈಗಾಗಲೇ ಹಲವು ಸಲ ಹಾದುಹೋಗಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಕಡೆ ತಿರುಗಿ ನೋಡಲು ಕಾರಣವಿದೆ.

ರಾಜಧಾನಿಯಿಂದ ಹೊರಡುವ ಹಳೆಯ ಹೆದ್ದಾರಿಗಳು ಹಾದುಹೋಗುವುದೇ ಇಲ್ಲಿ. ಮದ್ರಾಸು ರಸ್ತೆ ಹೊಸಕೋಟೆಯ ಮೂಲಕ, ಬಳ್ಳಾರಿ ರಸ್ತೆ ದೇವನಹಳ್ಳಿಯ ಮೂಲಕ, ಹಿಂದೂಪುರದ ರಸ್ತೆ ದೊಡ್ಡಬಳ್ಳಾಪುರದ ಮೂಲಕ. ತುಮಕೂರಿಗೂ ಹಾಸನಕ್ಕೂ ದಾರಿ ಕವಲೊಡೆಯುವುದು ನೆಲಮಂಗಲದಲ್ಲಿ. ಹೆದ್ದಾರಿ ಇದ್ದಲ್ಲಿ ಗ್ಯಾರೇಜು, ಗ್ಯಾರೇಜು ಇದ್ದಲ್ಲಿ ಹಳೆಯ ಹತಾರದ ಡಬ್ಬ. ಜೊತೆಗೆ ಇದು ತೋಟ, ಹೊಲ, ಮಗ್ಗಗಳ ಸೀಮೆ. ದೇವನಹಳ್ಳಿಯ ದ್ರಾಕ್ಷಿ ತೋಟದ ಶೆಡ್ಡಿನಲ್ಲಿ, ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಕಬ್ಬಿಣದ ಸಾಮಾನನ್ನು ಸುಲಭಕ್ಕೆ ಬಿಸಾಡುವ ವಾಡಿಕೆಯಿಲ್ಲ.

ಕಾರಿನ ಸ್ಪ್ಯಾನರಿಗೆ ಹೊಲದ ಶೆಡ್ಡಿನಲ್ಲಿ ಏನು ಕೆಲಸ ಎನ್ನುತ್ತೀರಾ? ಹಳೆಯ ಲಿಸ್ಟರ್ ಮಾದರಿಯ ಡೀಸೆಲ್ ಪಂಪ್‌ಸೆಟ್ಟುಗಳ ಬೋಲ್ಟುಗಳು ವಿಟ್‌ವರ್ತ್ ಪಂಗಡದವು. ಹಳೆಯ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳಲ್ಲಿ ಎಎಫ್ ಅಳತೆ. ಹೀಗಾಗಿ ಬಾವಿಯ ಪಂಪ್‌ಸೆಟ್ ಮಾಯವಾದರೂ ಅದರ ಸ್ಪ್ಯಾನರು ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಅದು ಕಾರಿನ ಮೂಲ ಹತಾರವಲ್ಲದಿರಬಹುದು. ಆದರೆ ಕಾರಿನಿಂದ ಶೆಡ್ಡಿಗೆ ಹೋದ ಸ್ಪ್ಯಾನರೂ ಅದೇ ಮೊಳೆಯಲ್ಲಿ ಇದ್ದೀತು.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಭಾಗದ ನೆಲಕ್ಕೆ ಚಿನ್ನದ ಬೆಲೆ ಬಂತು. ತೋಟಗಳು ಲೇಔಟುಗಳಾದವು. ಹಳೆಯ ಮನೆ, ಕೊಟ್ಟಿಗೆ ಕೆಡವುವ ದಿನ ಅಲ್ಲಿದ್ದ ಕಬ್ಬಿಣವೆಲ್ಲ ಒಂದೇ ಲೋಡಿನಲ್ಲಿ ಗುಜರಿಗೆ ಹೋಗುತ್ತದೆ. ಅಲ್ಲಿಂದ ಮುಂದಿನ ನಿಲ್ದಾಣ ಕರಗಿಸುವ ಕುಲುಮೆ. ಆದ್ದರಿಂದ ಹುಡುಕುವವರಿಗೆ ಇರುವ ಸಮಯ ಕಡಿಮೆ.

ಕಾನೂನಿನ ಲೆಕ್ಕದಲ್ಲೂ ಒಂದು ಗಂಡಾಂತರದ ವಯಸ್ಸಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲರೂಪದಲ್ಲೇ ಇರುವ ವಾಹನ ‘ವಿಂಟೇಜ್’. ಅದಕ್ಕೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್ನುಗಳನ್ನು ಗಣನೀಯವಾಗಿ ಬದಲಿಸಿರಬಾರದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಹಳೆಯ ವಾಹನಗಳನ್ನು ಗುಜರಿಗೆ ಹಾಕಲು ಪ್ರೋತ್ಸಾಹಿಸುವ ನೀತಿಯೂ ಬಂತು. ಹಾಗಾದರೆ 20 ದಾಟಿ 50 ಮುಟ್ಟದ ಕಾರು? ಅದು ಹೊಸದೂ ಅಲ್ಲ, ವಿಂಟೇಜೂ ಅಲ್ಲ. ಕಾರಿನ ಹತಾರಗಳು ಹೆಚ್ಚಾಗಿ ಕಳೆದುಹೋಗುವುದು ಈ ಮೂವತ್ತು ವರ್ಷಗಳಲ್ಲೇ. 1990ರ ಪದ್ಮಿನಿಯ ಜಾಕನ್ನು ಇವತ್ತು ಜೋಪಾನ ಮಾಡಿದವರು ಮುಂದೆ ಅದಕ್ಕಾಗಿ ಅಲೆಯಬೇಕಿಲ್ಲ.

ಗುಜರಿ ಅಂಗಡಿಯಲ್ಲಿ ಕೊಳ್ಳುವಾಗ ಒಂದು ಎಚ್ಚರ. ಕದ್ದ ಮಾಲು ಎಂಬ ಅನುಮಾನವಿದ್ದರೆ ಮುಟ್ಟಬೇಡಿ. ಬೇರೆಯವರ ಶೆಡ್ಡಿನಲ್ಲಿ ಏನಾದರೂ ಕಂಡರೆ ಅದರ ನಿಜವಾದ ಬೆಲೆ ಹೇಳಿ ಕೊಳ್ಳಿ. ತಿಳಿಯದ ಹಿರಿಯರಿಂದ ಚಿಲ್ಲರೆ ಕಾಸಿಗೆ ಕಿತ್ತುಕೊಂಡ ಹತಾರ ಎಷ್ಟು ಹೊಳೆದರೇನು?

ತುಕ್ಕು ಬಿಡಿಸಿ ಕೂರಿಸುವ ಬಗೆ

ಸಿಕ್ಕಿದ ಹತಾರವನ್ನು ಕೂಡಲೇ ಗ್ರೈಂಡಿಂಗ್ ಚಕ್ರಕ್ಕೆ ಹಿಡಿಯುವವರುಂಟು. ತುಕ್ಕಿನ ಜೊತೆ ತಯಾರಕನ ಗುರುತೂ ಹಾರಿಹೋಗುತ್ತದೆ! ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿ ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಬೇಕು. ಹಟಮಾರಿ ತುಕ್ಕಿಗೆ ಸಕ್ಕರೆ ಕಾರ್ಖಾನೆಯ ಕಾಕಂಬಿ ಒಳ್ಳೆಯ ಮದ್ದು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಅದರಲ್ಲಿ ಎರಡು ಮೂರು ವಾರ ಮುಳುಗಿಸಿಟ್ಟರೆ ತುಕ್ಕು ಮೆಲ್ಲಗೆ ಬಿಡುತ್ತದೆ, ಒಳ್ಳೆಯ ಉಕ್ಕಿಗೆ ತೊಂದರೆಯಾಗುವುದಿಲ್ಲ. ವಾಸನೆ ಸಹಿಸಬೇಕು, ಅಷ್ಟೆ. ಅಲ್ಯೂಮಿನಿಯಮ್ ಭಾಗಗಳನ್ನು ಅದರಲ್ಲಿ ಹಾಕಬಾರದು. ಹೊರತೆಗೆದು ತೊಳೆದು, ಪೂರ್ತಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಬೇಕು.

ಎಲ್ಲವನ್ನೂ ಕ್ರೋಮ್ ಮಾಡಿಸಿ ಕನ್ನಡಿಯಂತೆ ಹೊಳೆಸುವುದೂ ತಪ್ಪೇ. ಎಷ್ಟೋ ಕಾರುಗಳ ಜಾಕಿಗೆ ಮೂಲದಲ್ಲಿ ಇದ್ದದ್ದು ಬರೀ ಕಪ್ಪು ಬಣ್ಣ. ಆ ಬಣ್ಣದ ಒಂದು ಚೂರಾದರೂ ಮೂಲೆಯಲ್ಲಿ ಉಳಿದಿರುತ್ತದೆ. ಅದನ್ನು ನೋಡಿಯೇ ಮುಂದುವರಿಯಬೇಕು.

ಇನ್ನು ಕೂರಿಸುವುದು. ಹತಾರದ ತಟ್ಟೆ ಇದ್ದ ಕಾರಿನಲ್ಲಿ ಹಳೆಯ ಉಣ್ಣೆಬಟ್ಟೆಯ ಅಥವಾ ರಬ್ಬರಿನ ಹಾಸನ್ನು ಕಿತ್ತೆಸೆಯಬೇಡಿ. ಅದರ ಮೇಲೆ ಹತಾರಗಳು ದಶಕಗಳ ಕಾಲ ಒತ್ತಿ ಉಂಟಾದ ಗುರುತು ಉಳಿದಿರುತ್ತದೆ. ಯಾವ ಸ್ಪ್ಯಾನರು ಎಷ್ಟು ಉದ್ದದ್ದು, ಎಲ್ಲಿ ಇತ್ತು ಎಂಬುದನ್ನು ಅದೇ ಹೇಳುತ್ತದೆ. ಕಾಗದವಿಟ್ಟು ಆ ಗುರುತನ್ನು ಪಡಿಮೂಡಿಸಿಕೊಂಡರೆ ನಿಮ್ಮ ಹುಡುಕಾಟದ ಪಟ್ಟಿ ಸಿದ್ಧ. ಬಟ್ಟೆಯ ಚೀಲವಾದರೆ ಹಳೆಯ ಹೊಲಿಗೆ ಬಿಚ್ಚಿ ಅದನ್ನೇ ಅಚ್ಚಾಗಿಟ್ಟುಕೊಂಡು ಕ್ಯಾನ್ವಾಸಿನಲ್ಲಿ ಹೊಲಿಸಬಹುದು. ಭಾರದ ಹತಾರ ಕೆಳಗೆ, ಹಗುರದ್ದು ಮೇಲೆ. ಗುಂಡಿ ರಸ್ತೆಯಲ್ಲಿ ಗಲಗಲ ಸದ್ದಾದರೆ ಕೂರಿಸಿದ್ದು ಸರಿಯಿಲ್ಲವೆಂದೇ ಅರ್ಥ.

ಬಳಸುವಾಗಿನ ಎಚ್ಚರವನ್ನೂ ಹೇಳಲೇಬೇಕು. ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತೂರಬಾರದು. ಚಕ್ರಗಳಿಗೆ ಕಲ್ಲೋ ಮರದ ತುಂಡೋ ಕೊಟ್ಟೇ ಜಾಕು ಎತ್ತಬೇಕು. ಹ್ಯಾಂಡಲು ಹೊಡೆಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಮುಷ್ಟಿಯಂತೆ ಬಿಗಿಹಿಡಿದರೆ ಎಂಜಿನ್ ಹಿಂದಕ್ಕೆ ಒದ್ದಾಗ ಕೈ ಮುರಿಯಬಹುದು. ಇದು ದೊಡ್ಡವರು ಎದುರಿಗೆ ನಿಂತು ಕಲಿಸಬೇಕಾದ ವಿದ್ಯೆ.

ಮಕ್ಕಳಿಗೆ ಇದರಿಂದೇನು?

‘ಹಳೆ ಕಬ್ಬಿಣ ಹುಡುಕುತ್ತ ಕೂತರೆ ಮಾರ್ಕ್ಸ್ ಬರುತ್ತದೆಯೇ?’ ಎಂದು ತಂದೆತಾಯಿ ಕೇಳುವುದು ಸಹಜ. ಅಂಬಾಸಿಡರಿನ ಡಿಸ್ಟ್ರಿಬ್ಯೂಟರ್ ಪಾಯಿಂಟಿನ ಸಂದು 0.015 ಇಂಚಿನ ಆಸುಪಾಸು ಇರಬೇಕು. ತೆಳ್ಳನೆಯ ಫೀಲರ್ ಗೇಜನ್ನು ಆ ಸಂದಿಗೆ ತೂರಿಸಿ ಅಳೆದ ಹುಡುಗನಿಗೋ ಹುಡುಗಿಗೋ ದಶಮಾಂಶ ಎಂದರೇನು ಎಂದು ಮತ್ತೆ ಹೇಳಿಕೊಡಬೇಕಿಲ್ಲ. ಉದ್ದ ಹಿಡಿಯ ಸ್ಪ್ಯಾನರು ನಟ್ಟನ್ನು ಸಲೀಸಾಗಿ ಬಿಚ್ಚುವುದನ್ನು ಕಂಡ ಮೇಲೆ ಸನ್ನೆಯ ಪಾಠ ಬಾಯಿಪಾಠವಾಗಿ ಉಳಿಯುವುದಿಲ್ಲ.

ಈ ಆಸಕ್ತಿ ಜೀವನದ ದಾರಿಯೂ ಆಗಬಲ್ಲದು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐ.ಟಿ.ಐ.ಗಳಲ್ಲಿ ಫಿಟ್ಟರ್, ಟರ್ನರ್, ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಮೊದಲಾದ ಎರಡು ವರ್ಷದ ತರಬೇತಿಗಳಿವೆ. ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿ.ಟಿ.ಟಿ.ಸಿ., ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಕಲಿಸುತ್ತದೆ. ರಾಜ್ಯದ ಬೇರೆ ಊರುಗಳಲ್ಲೂ ಅದರ ಕೇಂದ್ರಗಳಿವೆ. ಕಳೆದುಹೋದ ಹತಾರವನ್ನು ಅಳತೆ ಹಿಡಿದು ಹೊಸದಾಗಿ ಮಾಡಬಲ್ಲ ಕೈಗಳು ಅಂಥ ಕಡೆಗಳಲ್ಲೇ ತಯಾರಾಗುವುದು.

ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬೇಕೆನ್ನುವವರು ಮೈಸೂರಿನ ಹಾದಿಯಲ್ಲಿ ಶ್ರೀರಂಗಪಟ್ಟಣದ ಬಳಿ ಇರುವ ‘ಪಯಣ’ ಸಂಗ್ರಹಾಲಯಕ್ಕೆ ಹೋಗಬಹುದು. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆ ಅವರು ಸಂಗ್ರಹಿಸಿದ ಕಾರುಗಳು ಅಲ್ಲಿವೆ. ಧರ್ಮಸ್ಥಳದ ಪ್ರವಾಸಕ್ಕೆ ಹೋದವರು ಅಲ್ಲಿಯೂ ಹಳೆಯ ವಾಹನಗಳನ್ನು ನೋಡಿ ಬರಬಹುದು.

ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು, ಪದ್ಮಿನಿಯದು ಅದಕ್ಕೂ ಬಹಳ ಮುಂಚೆ. ಆ ಕಾರುಗಳ ಹತಾರಗಳನ್ನು ಇನ್ನು ಯಾವ ಕಾರ್ಖಾನೆಯೂ ಕೊಡುವುದಿಲ್ಲ. ಉಳಿದಿರುವುದೆಲ್ಲ ನಮ್ಮ ಮನೆಗಳಲ್ಲೇ, ನಮ್ಮ ಶೆಡ್ಡುಗಳಲ್ಲೇ ಇರಬೇಕು. ಮುಂದಿನ ಸಲ ಗುಜರಿಯವನು ಬಾಗಿಲಿಗೆ ಬಂದಾಗ, ಕಬ್ಬಿಣದ ಡಬ್ಬವನ್ನು ತಕ್ಕಡಿಗೆ ಸುರಿಯುವ ಮೊದಲು ಒಮ್ಮೆ ಮಕ್ಕಳ ಮುಂದೆ ಸುರಿಯಿರಿ.

ರಜೆಯಲ್ಲಿ ಮಾಡಿ ನೋಡಿ

* ಮನೆಯಲ್ಲಿರುವ ಹಳೆಯ ಸ್ಪ್ಯಾನರುಗಳನ್ನೆಲ್ಲ ಒಟ್ಟುಮಾಡಿ. ಡಬ್ಲ್ಯು ಅಥವಾ ಬಿಎಸ್ ಗುರುತಿನವು, ಎಎಫ್ ಗುರುತಿನವು, ಬರೀ ಅಂಕಿಯ ಮಿಲಿಮೀಟರಿನವು ಎಂದು ಮೂರು ಗುಂಪು ಮಾಡಿ.

* ವರ್ನಿಯರ್ ಕ್ಯಾಲಿಪರಿನಿಂದ ಬಾಯಿಯ ಅಗಲ ಅಳೆದು, ಮೇಲೆ ಬರೆದ ಅಂಕಿಯ ಜೊತೆ ಹೋಲಿಸಿ. ವಿಟ್‌ವರ್ತ್ ಸ್ಪ್ಯಾನರಿನಲ್ಲಿ ಎರಡೂ ಯಾಕೆ ಹೊಂದುವುದಿಲ್ಲವೆಂದು ಮನೆಯವರಿಗೆ ವಿವರಿಸಿ.

* ತಯಾರಕನ ಹೆಸರು, ದೇಶ, ಉದ್ದ, ಸಿಕ್ಕ ಜಾಗಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಹತಾರದ ಸುತ್ತ ಪೆನ್ಸಿಲ್ ಎಳೆದು ಚಿತ್ರ ಮಾಡಿ.

* ಆ ಹತಾರ ಯಾವ ವಾಹನದ್ದೆಂದು ಅಜ್ಜ, ಅಜ್ಜಿಯನ್ನು ಕೇಳಿ. ಅವರು ಹೇಳಿದ್ದನ್ನೂ ಬರೆದಿಡಿ. ಕಾರಿನ ಹಳೆಯ ಪುಸ್ತಕ, ಬಿಲ್ಲು ಸಿಕ್ಕರೆ ಹತಾರದ ಜೊತೆಯಲ್ಲೇ ಇಡಿ.